ಕೊಂಡದ್ದು ಮತ್ತು ಕೊಡಬಲ್ಲದ್ದು

ಕನ್ನಡ ಪಂಡಿತನೊಬ್ಬನು ವಿದ್ಯುನ್ಮಾನ ಆಟಗಳನ್ನು ಕುರಿತು ಲೇಖನಿ ಹಿಡಿಯುವುದು ವಾಚಕರಲ್ಲಿ ಹಲವರಿಗೆ ಸೋಜಿಗವೆಂದು ತೋರಬಹುದು. ಹಳಗನ್ನಡ ಕಾವ್ಯ, ಛಂದಸ್ಸು, ವ್ಯಾಕರಣಗಳ ನಡುವೆ ಆಯುಷ್ಯದ ಬಹುಭಾಗವನ್ನು ಕಳೆದವನಿಗೆ ಟಿ.ವಿ. ಪರದೆಯ ಮೇಲೆ ಓಡುವ ಕಾರುಗಳಿಂದ ಆಗಬೇಕಾದುದೇನು ಎಂದು ಕೇಳುವವರೂ ಉಂಟು. ಆದರೆ ಈ ವಿಷಯದ ಬುಡದಲ್ಲಿ ಒಂದು ಮಾತಿದೆ. ‘ಕೊಳ್ಳು’ ಎಂಬುದೇ ಆ ಮಾತು. ಮಾತೊಂದರ ಅರ್ಥ ಜಾರುತ್ತಿರುವಾಗ ಅದನ್ನು ವಿಚಾರಿಸುವುದು ಪಂಡಿತನಾದವನ ಕರ್ತವ್ಯವೇ ಸರಿ. ಅಧ್ಯಾಪಕರು, ಹಳೆಯ ವಿದ್ಯಾರ್ಥಿಗಳು, ದಾನಿಗಳು ಮೂವರೂ ಓದುವ ಈ ಸಂಪುಟದಲ್ಲಿ ಆ ವಿಚಾರಣೆಗೆ ತಕ್ಕ ಸ್ಥಳವಿದೆಯೆಂದು ನಂಬಿದ್ದೇನೆ.

ಆಟಿಕೆಯ ಮಾತು ನಮ್ಮ ಸೀಮೆಗೆ ಹೊಸದಲ್ಲ. ಬಿಡದಿಯಿಂದ ಮೈಸೂರಿನ ಹೆದ್ದಾರಿಯನ್ನು ಹಿಡಿದು, ರಾಮನಗರವನ್ನು ದಾಟಿ ಮುಂದುವರಿದರೆ ಚನ್ನಪಟ್ಟಣ ಸಿಕ್ಕುತ್ತದೆ. ಅಲ್ಲಿನ ಕುಶಲಕರ್ಮಿಗಳು ಹಾಲೆಯ ಮರವನ್ನು ಚರಕಿಗೆ ಕೊಟ್ಟು ಕಡೆದು, ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗನ್ನು ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಟಿಪ್ಪು ಸುಲ್ತಾನನು ಪಾರಸಿಕ ಕುಶಲಕರ್ಮಿಗಳನ್ನು ಕರೆಸಿ ಈ ವಿದ್ಯೆಯನ್ನು ಇಲ್ಲಿ ನೆಲೆಗೊಳಿಸಿದನೆಂಬುದು ಪರಂಪರೆಯ ಮಾತು. 2005-06ನೆಯ ಸಾಲಿನಲ್ಲಿ ಈ ಆಟಿಕೆಗಳಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ನಮ್ಮ ಮನೆಯಲ್ಲಿಯೂ ಇಂತಹ ಗಾಲಿಯ ಕುದುರೆಯೊಂದಿದೆ. ಅದನ್ನು ನನಗಾಗಿ ಕೊಂಡವರು ನನ್ನ ತಂದೆ. ಅದು ನನ್ನಿಂದ ತಂಗಿಗೆ, ತಂಗಿಯಿಂದ ಅವಳ ಮಕ್ಕಳಿಗೆ, ಅಲ್ಲಿಂದ ನೆರೆಮನೆಯ ಕೂಸಿಗೆ ಹೋಗಿ, ಒಂದು ಗಾಲಿಯನ್ನು ಕಳೆದುಕೊಂಡು ಮತ್ತೆ ನಮ್ಮ ಅಟ್ಟಕ್ಕೇ ಬಂದು ಸೇರಿದೆ. ಇಷ್ಟು ಕೈಗಳನ್ನು ದಾಟುವಾಗ ಅದನ್ನು ಮಾರಿದ ಅಂಗಡಿಯವನ ಅಪ್ಪಣೆಯನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂದು ಯಾರಿಗೂ ತೋರಲೂ ಇಲ್ಲ.

ಚೌಕಾಬಾರದ ವಿಷಯವಂತೂ ಇನ್ನೂ ಸುಲಭ. ನೆಲದ ಮೇಲೆ ಸೀಮೆಸುಣ್ಣದಿಂದ ನಾಲ್ಕಾರು ಗೆರೆ, ಕೈಯಲ್ಲಿ ನಾಲ್ಕು ಕವಡೆ, ಆಟ ಸಿದ್ಧ. ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ಕೌತುಕನಿಧಿಯಲ್ಲಿ ಆಟಗಳನ್ನು ಬರೆಸಿಟ್ಟರು. ಅರಸರು ಕಾಲವಾದದ್ದು 1868ರಲ್ಲಿ. ಅವರು ಬರೆಸಿದ ಆಟವನ್ನು ಇಂದು ಯಾರಾದರೂ ಆಡಬಯಸಿದರೆ ಗ್ರಂಥವನ್ನು ತೆರೆದರೆ ಸಾಕು, ಅರಮನೆಯ ಬಾಗಿಲನ್ನು ತಟ್ಟಬೇಕಾಗಿಲ್ಲ.

ಇನ್ನು ಪರದೆಯ ಆಟಗಳು. ಮೊದಲು ಇವು ನಮ್ಮ ಊರುಗಳಿಗೆ ಬಂದದ್ದು ಕೈಯಲ್ಲಿ ಹಿಡಿಯಬಹುದಾದ ವಸ್ತುಗಳಾಗಿಯೇ. 1990ರ ದಶಕದಲ್ಲಿ ಹುಡುಗರು ಅಂಗೈಯಗಲದ ಪ್ಲಾಸ್ಟಿಕ್ ಕ್ಯಾಸೆಟ್ಟನ್ನು ಯಂತ್ರದ ಬಾಯಿಗೆ ಸಿಕ್ಕಿಸಿ, ಅದು ನಡೆಯದಿದ್ದರೆ ಹೊರಗೆ ತೆಗೆದು ಉಫ್ ಎಂದು ಊದಿ ಮತ್ತೆ ಸಿಕ್ಕಿಸುತ್ತಿದ್ದುದನ್ನು ನಮ್ಮ ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು. ಆಮೇಲೆ ಹೊಳೆಯುವ ಬಿಲ್ಲೆಗಳು, ಅಂದರೆ ಡಿಸ್ಕುಗಳು ಬಂದವು. ಒಬ್ಬನ ಆಟ ಇನ್ನೊಬ್ಬನಿಗೆ ಸಾಲವಾಗಿ ಹೋಗುತ್ತಿತ್ತು. ಬೇಸರವಾದರೆ ಅರ್ಧ ಬೆಲೆಗೆ ಮಾರಾಟವಾಗುತ್ತಿತ್ತು. ಎರಡು ಆಟಗಳು ಪರಸ್ಪರ ವಿನಿಮಯವಾಗುತ್ತಿದ್ದವು. ಹುಡುಗರ ನಡುವಿನ ಈ ಪುಟ್ಟ ಸಂತೆಗೆ ಆಟವು ವಸ್ತುವಾಗಿದ್ದುದೇ ಆಧಾರ.

ಕಾಲಕ್ರಮದಲ್ಲಿ ವಸ್ತು ಕರಗಿತು. ಅಮೆರಿಕದ ವಾಲ್ವ್ ಸಂಸ್ಥೆಯು 2003ರಲ್ಲಿ ಸ್ಟೀಮ್ ಎಂಬ ಅಂಗಡಿಯನ್ನು ಆರಂಭಿಸಿದ ಬಳಿಕ, ಆಟವನ್ನು ಇಂಟರ್‌ನೆಟ್ಟಿನ ಮೂಲಕವೇ ಇಳಿಸಿಕೊಳ್ಳುವ ಪದ್ಧತಿ ಕ್ರಮೇಣ ರೂಢಿಗೆ ಬಂದಿತು. ಇಲ್ಲಿ ಹಣ ಕೊಟ್ಟವನ ಹೆಸರಿನಲ್ಲಿ ಒಂದು ಖಾತೆ ಇರುತ್ತದೆ. ಅವನು ಪಡೆದ ಆಟಗಳು ಆ ಖಾತೆಯಲ್ಲಿ ದಾಖಲಾಗಿರುತ್ತವೆ. ಇದರ ಮುಂದಿನ ಹೆಜ್ಜೆಯೇ ಕ್ಲೌಡ್ ಗೇಮಿಂಗ್, ಅರ್ಥಾತ್ ಮೇಘದ ಆಟ. ಇದರಲ್ಲಿ ಇಳಿಸಿಕೊಳ್ಳುವುದೂ ಇಲ್ಲ. ಆಟವು ಎಲ್ಲಿಯೋ ದೂರದ ಗಣಕಗಳ ಭವನದಲ್ಲಿ ನಡೆಯುತ್ತದೆ. ಅದರ ಚಿತ್ರ ಮಾತ್ರ ಸಿನಿಮಾದಂತೆ ಹರಿದು ನಮ್ಮ ಪರದೆಗೆ ಬರುತ್ತದೆ. ಹುಡುಗನು ಒತ್ತಿದ ಗುಂಡಿಯ ಸಂದೇಶವು ಅಷ್ಟು ದೂರ ಹೋಗಿ, ಅದರ ಫಲವು ಚಿತ್ರವಾಗಿ ಹಿಂದಿರುಗಬೇಕು. ಸಂಪರ್ಕ ಕ್ಷಣಕಾಲ ತಡವರಿಸಿದರೆ ಪರದೆಯ ಮೇಲಿನ ಕಾರು ಗೋಡೆಗೆ ಬಡಿಯುತ್ತದೆ. ನಮ್ಮ ದೇಶದಲ್ಲಿ ರಿಲಯನ್ಸ್ ಜಿಯೋ ಸಂಸ್ಥೆಯೂ ಈ ಬಗೆಯ ಸೇವೆಯನ್ನು ಆರಂಭಿಸಿತು.

ಈ ಹೊಸ ಪದ್ಧತಿಯಲ್ಲಿ ಗುಣವೇ ಇಲ್ಲವೆಂದು ಹೇಳುವುದು ನ್ಯಾಯವಲ್ಲ. ಬೆಲೆಬಾಳುವ ಯಂತ್ರವನ್ನು ಕೊಳ್ಳಲಾರದ ಮನೆಯ ಹುಡುಗನು ಸಾಧಾರಣ ಟಿ.ವಿ. ಅಥವಾ ಮೊಬೈಲಿನಲ್ಲಿಯೇ ದೊಡ್ಡ ಆಟವನ್ನು ಆಡಬಲ್ಲನು. ಡಿಸ್ಕು ಗೀಚಿಹೋಗುವ, ಕಳೆದುಹೋಗುವ ಭಯವಿಲ್ಲ. ತಿಂಗಳ ಹಣ ಕೊಟ್ಟು ಹತ್ತಾರು ಆಟಗಳ ರುಚಿ ನೋಡಬಹುದು. ಬಾಡಿಗೆಯೆಂಬುದು ಗೌರವಯುತವಾದ ವ್ಯವಹಾರವೇ. ಬಿಡದಿಯ ಬಳಿಯಲ್ಲಿ 2005ರಲ್ಲಿ ಆರಂಭವಾದ ವಂಡರ್‌ಲಾ ಉದ್ಯಾನಕ್ಕೆ ನಮ್ಮ ಮಕ್ಕಳು ಟಿಕೆಟ್ಟು ಪಡೆದು ಹೋಗುತ್ತಾರೆ. ದಿನವೆಲ್ಲ ನೀರಿನಲ್ಲಿ ಜಾರಿ, ಚಕ್ರವನ್ನೇರಿ, ಸಂಜೆ ಬರಿಗೈಯಲ್ಲಿ ಹಿಂದಿರುಗುತ್ತಾರೆ. ಆ ಚಕ್ರ ನನ್ನದೆಂದು ಯಾವ ಮಗುವೂ ಹಟ ಹಿಡಿಯುವುದಿಲ್ಲ. ಟಿಕೆಟ್ಟಿನ ಮೇಲೆ ‘ಚಕ್ರವನ್ನು ಕೊಂಡಿದ್ದೀರಿ’ ಎಂದು ಅಚ್ಚಾಗಿಯೂ ಇರುವುದಿಲ್ಲ. ಕೊಟ್ಟವನಿಗೂ ಪಡೆದವನಿಗೂ ವ್ಯವಹಾರದ ಸ್ವರೂಪ ತಿಳಿದಿದೆ. ತೊಡಕು ಹುಟ್ಟುವುದು, ಬಾಡಿಗೆಯ ವಸ್ತುವಿನ ಮೇಲೆ ಮಾರಾಟದ ಹೆಸರನ್ನು ಅಂಟಿಸಿದಾಗ.

ಈ ತೊಡಕು ನಮ್ಮ ಮನೆಯ ಹೊಸ್ತಿಲಿಗೇ ಬಂದ ಬಗೆಯನ್ನು ಇಲ್ಲಿ ಅರಿಕೆ ಮಾಡುವುದು ಅನುಚಿತವಾಗಲಾರದು. ನನ್ನ ತಂಗಿಯ ಹಿರಿಯ ಮಗನು ಇದೇ ಶಾಲೆಯಲ್ಲಿ ಓದಿದವನು. ಬಳಿಕ ಬಿಡದಿಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಉದ್ಯೋಗಕ್ಕೆ ಸೇರಿ, ಅಲ್ಲಿಯೇ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದನು. ದುಡಿಮೆಯ ಪಾಳಿ ಮುಗಿದ ಮೇಲೆ ಪರದೆಯ ಆಟಗಳೇ ಅವನ ವಿನೋದ. 2021ರ ಮೇ ತಿಂಗಳಿನಲ್ಲಿ, ಕೊರೋನಾ ವ್ಯಾಧಿಯ ಎರಡನೆಯ ಅಲೆಯಲ್ಲಿ ಅವನು ತೀರಿಕೊಂಡನು. ಆಗ ಅವನಿಗೆ 29 ವರ್ಷ.

ಕೋಣೆಯನ್ನು ತೆರವು ಮಾಡಲು ನಾನೂ ಅವನ ತಮ್ಮನೂ ಹೋದೆವು. ಆಟದ ಯಂತ್ರವೂ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹನ್ನೊಂದು ಡಿಸ್ಕುಗಳೂ ಇದ್ದವು. ಪ್ರತಿಯೊಂದು ಡಿಸ್ಕಿನ ಹೊದಿಕೆಯೊಳಗೆ ಒಂದು ಚೀಟಿ. ಚೀಟಿಯಲ್ಲಿ ಕನ್ನಡದಲ್ಲಿ ತನ್ನ ಹೆಸರು, ಕೊಂಡ ದಿನಾಂಕ, ಕೊಟ್ಟ ಬೆಲೆ, ಕೆಳಗೆ ‘ಸ್ವತ್ತು’ ಎಂಬ ಒಂದು ಪದ. ವರ್ಷಾರಂಭದಲ್ಲಿ ಹೊಸ ಪುಸ್ತಕಗಳಿಗೆ ರಟ್ಟು ಹಾಕಿಸಿ, ಮೊದಲ ಪುಟದಲ್ಲಿ ‘ಈ ಪುಸ್ತಕವು ಇಂಥವನ ಸ್ವತ್ತು’ ಎಂದು ದುಂಡಾಗಿ ಬರೆಸುವ ವಾಡಿಕೆ ನಮ್ಮ ತರಗತಿಯಲ್ಲಿದೆ. ಆ ವಾಡಿಕೆಯು ಪಠ್ಯಪುಸ್ತಕದಿಂದ ಆಟದ ಡಿಸ್ಕಿನವರೆಗೆ ನಡೆದು ಬಂದಿದ್ದಿತು. ಆ ಅಕ್ಷರಗಳನ್ನು ತಿದ್ದಿಸಿದವನು ನಾನೇ.

ಆ ಹನ್ನೊಂದು ಆಟಗಳು ಈಗ ತಮ್ಮನ ವಶದಲ್ಲಿವೆ. ಅವನು ಆಡುತ್ತಾನೆ; ಗೆಳೆಯರಿಗೆ ಎರವಲು ಕೊಡುತ್ತಾನೆ; ಕೊಟ್ಟದ್ದನ್ನು ಗ್ರಂಥಪಾಲಕನಂತೆ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾನೆ. ಚೀಟಿಗಳನ್ನು ಮಾತ್ರ ಅವನು ಬದಲಿಸಿಲ್ಲ. ಅಣ್ಣನ ಹೆಸರಿನ ಕೆಳಗೆ ತನ್ನ ಹೆಸರನ್ನು ಬರೆದುಕೊಂಡಿದ್ದಾನೆ.

ಆದರೆ ಅಣ್ಣನು ಕೊನೆಯ ಮೂರು ನಾಲ್ಕು ವರ್ಷಗಳಲ್ಲಿ ಡಿಸ್ಕು ಕೊಳ್ಳುವುದನ್ನು ಬಿಟ್ಟು ಇಳಿಸಿಕೊಳ್ಳುವ ಆಟಗಳಿಗೆ ಹೊರಳಿದ್ದನು. ಹಬ್ಬದ ರಿಯಾಯಿತಿಗಳಲ್ಲಿ, ಹೆಚ್ಚುವರಿ ಪಾಳಿಯ ಹಣದಲ್ಲಿ, ಮೂವತ್ತಕ್ಕೂ ಮಿಕ್ಕ ಆಟಗಳನ್ನು ಖಾತೆಗೆ ಸೇರಿಸಿಕೊಂಡಿದ್ದನು. ಅವುಗಳ ರಸೀದಿಗಳೆಲ್ಲ ಅವನ ಕಾಗದಪತ್ರಗಳ ನಡುವೆ ಸಿಕ್ಕವು. ಖಾತೆಯ ಗುಪ್ತಪದ ಯಾರಿಗೂ ತಿಳಿಯದು. ತಮ್ಮನು ಆ ಸಂಸ್ಥೆಗೆ ಪತ್ರ ಬರೆದು, ಮರಣ ಪ್ರಮಾಣಪತ್ರವನ್ನು ಲಗತ್ತಿಸಿ, ಆಟಗಳನ್ನು ತನ್ನ ಹೆಸರಿಗೆ ಮಾಡಿಕೊಡುವಂತೆ ಬೇಡಿದನು. ಸಂತಾಪವನ್ನು ಸೂಚಿಸಿ ಸೌಜನ್ಯದ ಉತ್ತರ ಬಂದಿತು. ಆಟಗಳು ಆ ವ್ಯಕ್ತಿಗೆ ಮಾತ್ರ ಕೊಟ್ಟ ಅನುಮತಿಗಳೆಂದೂ, ಅವನ್ನು ಮತ್ತೊಬ್ಬರಿಗೆ ವರ್ಗಾಯಿಸಲು ಬಾರದೆಂದೂ, ಮರಣಾನಂತರವೂ ಇದೇ ನಿಯಮವೆಂದೂ ಅದರ ಸಾರಾಂಶ. ಸಂಸ್ಥೆಯ ಹೆಸರು ಇಲ್ಲಿ ಅನವಶ್ಯಕ. ಒಪ್ಪಂದದಲ್ಲಿ ಬರೆದಂತೆಯೇ ಅದು ನಡೆದುಕೊಂಡಿತು. ಪತ್ರದ ಅರ್ಥವನ್ನು ನಾನು ತಂಗಿಗೆ ಬಿಡಿಸಿ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: “ಅವನು ದುಡ್ಡು ಕೊಟ್ಟಿದ್ದನಲ್ಲ ಅಣ್ಣ?”

ಆ ಪ್ರಶ್ನೆಗೆ ಉತ್ತರವನ್ನು ನಾನು ಹುಡುಕಿದುದು ನನಗೆ ಬಲ್ಲ ಶಾಸ್ತ್ರದಲ್ಲಿ. ಸಂಸ್ಕೃತ ವ್ಯಾಕರಣದಲ್ಲಿ ಸಂಪ್ರದಾನ ಕಾರಕವನ್ನು ಪಾಠ ಮಾಡುವಾಗ ಗುರುಗಳು ಮಡಿವಾಳನ ಉದಾಹರಣೆಯನ್ನು ಹೇಳುವುದು ವಾಡಿಕೆ. ಬ್ರಾಹ್ಮಣನಿಗೆ ಗೋವನ್ನು ಕೊಟ್ಟಾಗ ಚತುರ್ಥೀ ವಿಭಕ್ತಿ. ಗೋವಿನ ಒಡೆತನ ಅವನಿಗೆ ಸಲ್ಲುತ್ತದೆ. ಮಡಿವಾಳನ ಕೈಗೆ ಬಟ್ಟೆಯನ್ನು ಕೊಟ್ಟಾಗ ಚತುರ್ಥಿಯಿಲ್ಲ, ಷಷ್ಠೀ. ಬಟ್ಟೆ ಅವನ ಕೈಯಲ್ಲಿದ್ದರೂ ಒಡೆತನ ಕೊಟ್ಟವನದೇ. ಈ ನಿಯಮದ ವ್ಯಾಪ್ತಿಯನ್ನು ಕುರಿತು ವೈಯಾಕರಣರಲ್ಲಿ ಚರ್ಚೆಯುಂಟಾದರೂ ಅದರ ಹಿಂದಿರುವ ವಿವೇಕ ಸ್ಪಷ್ಟ. ಕೈಯಲ್ಲಿರುವುದು ಬೇರೆ, ಸ್ವತ್ತಾಗಿರುವುದು ಬೇರೆ. ನಮ್ಮ ಹುಡುಗನ ಮೂವತ್ತು ಆಟಗಳು ಮಡಿವಾಳನ ಕೈಯಲ್ಲಿದ್ದ ಬಟ್ಟೆಗಳು. ವ್ಯತ್ಯಾಸವಿಷ್ಟೇ: ಮಡಿವಾಳನು ಬಟ್ಟೆಗೆ ಬೆಲೆ ಕೊಟ್ಟಿರುವುದಿಲ್ಲ, ಇವನು ಪೂರ್ತಿ ಬೆಲೆ ಕೊಟ್ಟಿದ್ದನು.

ಕನ್ನಡದ ಮಾತನ್ನೇ ನೋಡೋಣ. ‘ಕೊಳ್’ ಎಂಬ ಧಾತುವಿಗೆ ತೆಗೆದುಕೊಳ್ಳು, ಕ್ರಯಕ್ಕೆ ಪಡೆ ಎಂಬ ಎರಡು ಅರ್ಥಗಳೂ ಉಂಟು. ನಮ್ಮ ಹಿರಿಯರಿಗೆ ಇವೆರಡೂ ಬೇರೆಯಾಗಿ ತೋರಲಿಲ್ಲ. ಬೆಲೆ ಕೊಟ್ಟವನು ವಸ್ತುವನ್ನು ತೆಗೆದುಕೊಂಡು ಹೋಗುತ್ತಿದ್ದನು. ‘ಕೊಳ್ಳು’ವಿಗೆ ಜೋಡಿ ‘ಕೊಡು’. ಎರಡನ್ನೂ ಕೂಡಿಸಿ ಕೊಡುಕೊಳ್ಳುವಿಕೆ ಎನ್ನುತ್ತೇವೆ. ಒಂದು ಕಾಲು ಕೊಳ್ಳುವುದು, ಇನ್ನೊಂದು ಕಾಲು ಕೊಡುವುದು. ಎರಡೂ ಇದ್ದರೆ ವ್ಯವಹಾರ ನಡೆದೀತು. ಆದ್ದರಿಂದ ಒಡೆತನವನ್ನು ಪರೀಕ್ಷಿಸಲು ನಾನೊಂದು ಸರಳ ಸೂತ್ರವನ್ನು ಮಾಡಿಕೊಂಡಿದ್ದೇನೆ: ಕೊಡಲು ಬಾರದ್ದನ್ನು ಕೊಂಡಂತಾಗಲಿಲ್ಲ.

ಇದು ಪಂಡಿತನ ಕಲ್ಪನೆಯೆಂದು ತಳ್ಳಿಹಾಕದಂತೆ ಜಗತ್ತಿನ ಕೆಲವು ಸಂಗತಿಗಳನ್ನು ನಿವೇದಿಸುತ್ತೇನೆ. ಗೂಗಲ್ ಸಂಸ್ಥೆಯು 2019ರ ನವೆಂಬರಿನಲ್ಲಿ ಸ್ಟೇಡಿಯಾ ಎಂಬ ಮೇಘದ ಆಟಗಳ ಸೇವೆಯನ್ನು ಆರಂಭಿಸಿ, 2023ರ ಜನವರಿ 18ರಂದು ಮುಚ್ಚಿತು. ಆಟಗಳಿಗೆ ಪಡೆದ ಹಣವನ್ನು ಹಿಂದಿರುಗಿಸಿತೆಂಬುದನ್ನು ಮೆಚ್ಚಬೇಕು. ಜಪಾನಿನ ನಿಂಟೆಂಡೊ ಸಂಸ್ಥೆಯು ತನ್ನ ಎರಡು ಹಳೆಯ ಯಂತ್ರಗಳ ಇಳಿಕೆಯ ಅಂಗಡಿಗಳಲ್ಲಿ 2023ರ ಮಾರ್ಚ್ 27ರಂದು ಮಾರಾಟವನ್ನು ನಿಲ್ಲಿಸಿತು. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಅದೇ ವರ್ಷ ಪ್ರಕಟಿಸಿದ ಅಧ್ಯಯನದ ಮೇರೆಗೆ, 2010ಕ್ಕೆ ಮುಂಚೆ ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ನೂರಕ್ಕೆ 87 ಭಾಗ ಇಂದು ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲ. ಅವುಗಳಲ್ಲಿ ಉಳಿದವು ಉಳಿದಿರುವುದು ಬಹುಮಟ್ಟಿಗೆ ಯಾರದೋ ಮನೆಯ ಕಪಾಟಿನಲ್ಲಿ.

ಈ ಜಾರುವಿಕೆಯನ್ನು ತಡೆಯಲು ಕ್ಯಾಲಿಫೋರ್ನಿಯಾ ರಾಜ್ಯದವರು 2024ರಲ್ಲಿ ಒಂದು ಕಾನೂನನ್ನು ಮಾಡಿದರು. ಅದು 2025ರ ಜನವರಿ 1ರಿಂದ ಜಾರಿಯಲ್ಲಿದೆ. ಗ್ರಾಹಕನಿಗೆ ಸಿಕ್ಕುವುದು ಅನುಮತಿ ಮಾತ್ರವೆಂದು ಸ್ಪಷ್ಟವಾಗಿ ತಿಳಿಸದೆ ‘ಖರೀದಿಸಿ’ ಎಂಬ ಮಾತನ್ನು ಬಳಸಕೂಡದೆಂಬುದು ಅದರ ತಾತ್ಪರ್ಯ. ಶಾಸನಸಭೆಯೊಂದು ಒಂದು ಕ್ರಿಯಾಪದದ ಅರ್ಥವನ್ನು ಕಾಯಲು ಕಾನೂನು ಮಾಡಿದ್ದನ್ನು ಓದಿ, ವ್ಯಾಕರಣ ಬೋಧಿಸುವವನಾದ ನನಗೆ ಆದ ಸಂತೋಷವನ್ನು ವಾಚಕರು ಊಹಿಸಬಲ್ಲರು.

ಹಾಗೆಂದು ಡಿಸ್ಕು ಕೈಯಲ್ಲಿದ್ದರೆ ಎಲ್ಲವೂ ಕ್ಷೇಮವೆಂದು ತಿಳಿಯಬಾರದು. ಯೂಬಿಸಾಫ್ಟ್ ಎಂಬ ಫ್ರಾನ್ಸಿನ ಸಂಸ್ಥೆ 2014ರಲ್ಲಿ ಹೊರತಂದ ‘ದಿ ಕ್ರೂ’ ಎಂಬ ಕಾರಿನ ಆಟವು ಸದಾ ಸಂಸ್ಥೆಯ ಗಣಕದೊಡನೆ ಸಂಪರ್ಕದಲ್ಲಿರಬೇಕಾಗಿತ್ತು. 2024ರ ಮಾರ್ಚ್ 31ರಂದು ಆ ಗಣಕಗಳನ್ನು ನಿಲ್ಲಿಸಿದಾಗ ಡಿಸ್ಕು ಇಟ್ಟುಕೊಂಡವರ ಆಟವೂ ನಿಂತುಹೋಯಿತು. ಇದರಿಂದ ಕೆರಳಿದ ಆಟಗಾರರು ಚಳವಳಿ ಹೂಡಿ, ಯೂರೋಪಿನ ಒಕ್ಕೂಟಕ್ಕೆ ಹತ್ತು ಲಕ್ಷಕ್ಕೂ ಮಿಕ್ಕ ಸಹಿಗಳ ಮನವಿಯನ್ನು 2025ರ ಹೊತ್ತಿಗೆ ಕೂಡಿಸಿದರು. ಸಂಸ್ಥೆಗಳು ಸೇವೆಯನ್ನು ಶಾಶ್ವತವಾಗಿ ನಡೆಸಬೇಕೆಂದು ಅವರು ಕೇಳಲಿಲ್ಲ. ನಿಲ್ಲಿಸುವಾಗ ಆಟವನ್ನು ಆಡಬಲ್ಲ ಸ್ಥಿತಿಯಲ್ಲಿ ಬಿಟ್ಟುಹೋಗಿ ಎಂಬುದಷ್ಟೇ ಬೇಡಿಕೆ. ಅದೇ ವರ್ಷ ನಿಂಟೆಂಡೊದ ಹೊಸ ಯಂತ್ರದೊಡನೆ ಬಂದ ಕೆಲವು ತಗಡುಗಳಲ್ಲಿ ಆಟವಿರುವುದಿಲ್ಲ, ಆಟವನ್ನು ಇಳಿಸಿಕೊಳ್ಳುವ ಬೀಗದ ಕೈ ಮಾತ್ರ ಇರುತ್ತದೆ. ಪೆಟ್ಟಿಗೆ ನಮ್ಮ ಮನೆಯಲ್ಲಿ, ಒಡವೆ ಅವರ ಮನೆಯಲ್ಲಿ! ಆದರೂ ಆ ಬೀಗದ ಕೈಯನ್ನು ಇನ್ನೊಬ್ಬನ ಕೈಗೆ ದಾಟಿಸಬಹುದೆಂಬುದು ಒಂದು ಸಮಾಧಾನ.

ಆಟದ ಮಾತು ಇಷ್ಟಕ್ಕೇ ನಿಲ್ಲುವುದಾದರೆ ಮಕ್ಕಳ ವಿಷಯವೆಂದು ನಕ್ಕು ಬಿಡಬಹುದಾಗಿತ್ತು. ಆದರೆ ಆಟ ಹೋದ ದಾರಿಯಲ್ಲಿಯೇ ಪುಸ್ತಕವೂ ಹೋಗುತ್ತಿದೆ. 2009ರ ಜುಲೈ ತಿಂಗಳಿನಲ್ಲಿ ಅಮೆಜಾನ್ ಸಂಸ್ಥೆಯು, ಹಕ್ಕಿನ ತಕರಾರಿನ ಕಾರಣ, ತಾನು ಮಾರಿದ್ದ ಜಾರ್ಜ್ ಆರ್ವೆಲ್ಲನ ಕಾದಂಬರಿಯ ಪ್ರತಿಗಳನ್ನು ಓದುಗರ ಉಪಕರಣಗಳಿಂದಲೇ ಅಳಿಸಿಹಾಕಿತು. ಹಣವನ್ನು ಮರಳಿಸಿ, ಮುಂದೆ ಕ್ಷಮೆಯನ್ನೂ ಕೇಳಿತು. ಕೊಂಡವನ ಕಪಾಟಿನಿಂದ ಪುಸ್ತಕವನ್ನು ರಾತ್ರೋರಾತ್ರಿ ಹಿಂದಕ್ಕೆ ಒಯ್ಯುವುದು ಅಚ್ಚಿನ ಯುಗದಲ್ಲಿ ಯಾವ ವ್ಯಾಪಾರಿಗೂ ಸಾಧ್ಯವಿರಲಿಲ್ಲ.

ಕನ್ನಡ ಸಾಹಿತ್ಯ ನಮ್ಮ ಕಾಲದವರೆಗೆ ಉಳಿದು ಬಂದ ಬಗೆಯನ್ನು ನೆನೆದರೆ ಇದರ ಗಾಂಭೀರ್ಯ ಮನದಟ್ಟಾಗುತ್ತದೆ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಆ ತಾಯಿ ಓದುವ ಅನುಮತಿಯನ್ನು ಹಂಚಲಿಲ್ಲ, ಓಲೆಗಳನ್ನೇ ಕೊಟ್ಟಳು. ಪಡೆದವನು ಮಗನಿಗೆ ಕೊಟ್ಟನು, ಮಗನು ಶಿಷ್ಯನಿಗೆ ಕೊಟ್ಟನು. ಅಂತೆಯೇ ಫ. ಗು. ಹಳಕಟ್ಟಿಯವರು ಮನೆಮನೆಯ ಜಂತಿಯಿಂದ, ಗದ್ದುಗೆಯ ಗೂಡಿನಿಂದ ಓಲೆಯ ಕಟ್ಟುಗಳನ್ನು ಬೇಡಿ ತಂದು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಲು ಸಾಧ್ಯವಾದದ್ದೂ, ಆ ಕಟ್ಟುಗಳು ನೂರಾರು ಮನೆಗಳ ಸ್ವತ್ತಾಗಿ ಚದುರಿ ಉಳಿದಿದ್ದುದರಿಂದಲೇ. ಅವೆಲ್ಲ ಒಂದೇ ಭಂಡಾರದಲ್ಲಿದ್ದು, ಭಂಡಾರಿಯು ಬಾಗಿಲು ಹಾಕಿದ್ದರೆ ನಮಗೆ ಇಂದು ಪಾಠ ಮಾಡಲು ಏನು ಉಳಿಯುತ್ತಿತ್ತು?

ಈ ಸಂಪುಟವನ್ನು ಓದುವ ಮಹನೀಯರಲ್ಲಿ ಅನೇಕರು ಈ ಶಾಲೆಗೆ ಕೊಟ್ಟವರು, ಮುಂದೆಯೂ ಕೊಡಲಿರುವವರು. ದಾನವೆಂದರೆ ತನ್ನ ಒಡೆತನವನ್ನು ಬಿಟ್ಟು ಪರರ ಒಡೆತನವನ್ನು ಉಂಟುಮಾಡುವುದೆಂದು ನಮ್ಮ ಶಾಸ್ತ್ರಕಾರರು ವಿವರಿಸಿದ್ದಾರೆ. ಈಚೆಗೆ ಗ್ರಂಥಾಲಯಕ್ಕೆ ಪುಸ್ತಕಗಳ ಬದಲು ವಾರ್ಷಿಕ ಚಂದಾದ ಡಿಜಿಟಲ್ ಸೌಲಭ್ಯವನ್ನೂ, ವಿದ್ಯಾರ್ಥಿನಿಲಯದ ಮಕ್ಕಳಿಗೆ ಮೇಘದ ಆಟಗಳನ್ನೂ ಒದಗಿಸಬಾರದೇಕೆ ಎಂದು ಸದ್ಭಾವದಿಂದ ಕೇಳುವವರಿದ್ದಾರೆ. ಒದಗಿಸಬಹುದು; ಅದು ಉಪಕಾರವೇ. ಆದರೆ ಅದನ್ನು ಒಂದು ವರ್ಷದ ಅನ್ನಸಂತರ್ಪಣೆಯೆಂದು ಎಣಿಸಬೇಕು, ಹೊಲವನ್ನು ದತ್ತಿ ಬಿಟ್ಟಂತೆ ಎಣಿಸಬಾರದು. ಚಂದಾ ಮುಗಿದ ಮರುದಿನ ಕಪಾಟು ಬರಿದಾಗುತ್ತದೆ. ಆದಕಾರಣ ಎರಡಕ್ಕೂ ಹಣ ಸಾಲದಿದ್ದರೆ, ಮೊದಲು ಕಪಾಟಿನಲ್ಲಿ ಕೂರುವ ವಸ್ತುವಿಗೆ ವೆಚ್ಚ ಮಾಡಬೇಕೆಂಬುದು ನನ್ನ ವಿನಮ್ರ ಸೂಚನೆ: ಒಂದು ನಿಘಂಟು, ಒಂದು ಚೌಕಾಬಾರದ ಹಾಸು, ಚನ್ನಪಟ್ಟಣದ ಒಂದು ಪೆಟ್ಟಿಗೆ ಆಟಿಕೆ, ಪರದೆಯ ಆಟವೇ ಬೇಕೆಂದರೆ ಸಂಪರ್ಕವಿಲ್ಲದೆಯೂ ನಡೆಯುವ ಡಿಸ್ಕು.

ಅಧ್ಯಾಪಕ ಮಿತ್ರರಲ್ಲಿಯೂ ಒಂದು ಕೋರಿಕೆಯುಂಟು. ಮಕ್ಕಳಿಗೆ ಪರದೆಯ ಆಟ ಕೆಟ್ಟದ್ದೆಂದು ಗದರಿಸುವುದಕ್ಕಿಂತ, ‘ಖರೀದಿಸಿ’ ಎಂಬ ಗುಂಡಿಯನ್ನು ಒತ್ತುವ ಮುನ್ನ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲು ಕಲಿಸೋಣ: ‘ಇದನ್ನು ನಾನು ನನ್ನ ತಮ್ಮನಿಗೆ ಕೊಡಬಲ್ಲೆನೆ?’ ಕೊಡಬಲ್ಲೆನೆಂದರೆ ಕೊಳ್ಳಲಿ. ಕೊಡಲಾರೆನೆಂದರೆ, ಅದು ಬಾಡಿಗೆಯೆಂದು ತಿಳಿದು, ಬಾಡಿಗೆಗೆ ತಕ್ಕ ಬೆಲೆಯನ್ನು ಮಾತ್ರ ಕೊಟ್ಟು, ನಕ್ಕು ನಲಿದು ಬರಲಿ. ವರ್ಷಾರಂಭದಲ್ಲಿ ಪುಸ್ತಕದ ಮೊದಲ ಪುಟದ ಮೇಲೆ ‘ಸ್ವತ್ತು’ ಎಂದು ಬರೆಸುವ ನಮ್ಮ ವಾಡಿಕೆಯನ್ನು ಮಾತ್ರ ಯಾರೂ ನಿಲ್ಲಿಸದಿರಲಿ ಎಂದು ಹಾರೈಸಿ ವಿರಮಿಸುತ್ತೇನೆ.